ಗ್ರೀಸ್, ರೋಮ್ ಮತ್ತು ನಿನ್ನ ಸೆಮಿನಾರ್

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು. ಉಭಯಕುಶಲೋಪರಿ.

ನೀನು ಕಳಿಸಿದ ಸೆಮಿನಾರ್ ಪ್ರಬಂಧದ ಕರಡನ್ನು ಪೂರ್ತಿ ಓದಿದೆ. ಶ್ರಮ ಪಟ್ಟಿದ್ದೀಯ, ಗೊತ್ತಾಗುತ್ತದೆ. ಆದರೆ ಮೊದಲ ಪುಟದಲ್ಲೇ ‘ಗ್ರೀಕರು ಚಿಂತಕರು, ರೋಮನ್ನರು ಕಟ್ಟುವವರು’ ಎಂದು ಬರೆದು, ಕೆಳಗೆ ಎರಡು ಕಾಲಂ ಎಳೆದು ಪಟ್ಟಿ ಮಾಡಿದ್ದೀಯಲ್ಲ, ಅದನ್ನು ಹೊಡೆದುಹಾಕು. ಪಾಠ ಮಾಡಿದಷ್ಟು ಕಾಲವೂ ಉತ್ತರಪತ್ರಿಕೆಗಳಲ್ಲಿ ಆ ವಾಕ್ಯ ಓದಿ ಓದಿ ನನಗೆ ಸಾಕಾಗಿ ಹೋಗಿದೆ. ಪೂರಾ ಸುಳ್ಳಲ್ಲ, ಅರ್ಧ ನಿಜ; ಅದಕ್ಕೇ ಅದು ಸಾಯುವುದಿಲ್ಲ. ಸಾಮೋಸ್ ದ್ವೀಪದಲ್ಲಿ ಯೂಪಲಿನೋಸ್ ಎಂಬ ಗ್ರೀಕ್ ಎಂಜಿನಿಯರ್ ಊರಿಗೆ ನೀರು ತರಲು ಬೆಟ್ಟವನ್ನು ಎರಡೂ ಕಡೆಯಿಂದ ಒಟ್ಟಿಗೇ ಕೊರೆಸಿ ನಡುವೆ ಕೂಡಿಸಿದ. 1,036 ಮೀಟರ್ ಸುರಂಗ, ಅದೂ ಕ್ರಿ.ಪೂ. 6ನೇ ಶತಮಾನದಲ್ಲಿ. ಇತ್ತ ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಡ್ಯಾನ್ಯೂಬ್ ಗಡಿಯ ದಂಡಿನಲ್ಲಿದ್ದುಕೊಂಡು ತನಗೆ ತಾನೇ ತತ್ವ ಬರೆದುಕೊಂಡ, ಅದೂ ಗ್ರೀಕ್ ಭಾಷೆಯಲ್ಲಿ. ನಿನ್ನ ಎರಡು ಕಾಲಂಗಳಲ್ಲಿ ಅವನನ್ನು ಎಲ್ಲಿ ಕೂರಿಸುತ್ತೀಯೇ?

ಇನ್ನೊಂದು, ಕಾಲದ ಮಾತು. ಅಥೆನ್ಸಿನ ನಾಯಕ ಪೆರಿಕ್ಲೀಸ್‌ನನ್ನೂ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನನ್ನೂ ಅಕ್ಕಪಕ್ಕದ ಮನೆಯವರ ಹಾಗೆ ನಿಲ್ಲಿಸಿದ್ದೀಯ. ಇಬ್ಬರ ನಡುವೆ ನಾಲ್ಕು ಶತಮಾನ ಇದೆ. ಅಥೆನ್ಸ್‌ನಲ್ಲಿ ಪಾರ್ಥೆನಾನ್ ದೇಗುಲ ಏಳುತ್ತಿದ್ದಾಗ (ಕ್ರಿ.ಪೂ. 447ರಿಂದ 432) ರೋಮ್ ಇನ್ನೂ ಪಕ್ಕದೂರುಗಳ ಜೊತೆ ಗಡಿಜಗಳ ಆಡುತ್ತಿದ್ದ ನದೀತೀರದ ಸಣ್ಣ ಪಟ್ಟಣ. ಕ್ರಿ.ಶ. 2ನೇ ಶತಮಾನದಲ್ಲಿ ರೋಮಿನಲ್ಲಿ 43 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟದ ಪ್ಯಾಂಥಿಯಾನ್ ದೇಗುಲ ಎದ್ದಾಗ, ಅಥೆನ್ಸ್ ಆ ಸಾಮ್ರಾಜ್ಯದೊಳಗಿನ ಒಂದು ವಿದ್ಯಾಕೇಂದ್ರ, ಅಷ್ಟೆ. ಪ್ರತಿ ಹೋಲಿಕೆಯ ಮುಂದೂ ಯಾವ ಶತಮಾನ, ಯಾವ ಊರು ಎಂದು ಬರೆ. ‘ಗ್ರೀಸ್’ ಎನ್ನುವ ಒಂದು ದೇಶ ಆಗ ಇರಲೇ ಇಲ್ಲ. ಸ್ಪಾರ್ಟಾ ಬೇರೆ, ಅಥೆನ್ಸ್ ಬೇರೆ, ಕೊರಿಂಥ್ ಬೇರೆ.

ಹಾಗಾದರೆ ಏನನ್ನು ಹೋಲಿಸುವುದು? ಒಂದೇ ಒಂದು ಪ್ರಶ್ನೆ ಹಿಡಿ: ಹೊರಗಿನವನು ಬಂದು ಬಾಗಿಲು ತಟ್ಟಿದರೆ ಇವರು ಏನು ಮಾಡಿದರು? ಪೌರತ್ವ ಯಾರಿಗೆ ಕೊಟ್ಟರು?

ಅಥೆನ್ಸ್‌ನಿಂದ ಶುರುಮಾಡು. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ಮಾಡಿಸಿದ ಕಾನೂನಿನ ಪ್ರಕಾರ ಅಪ್ಪ, ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪೌರ. ಆಮೇಲೆ ಪಿಡುಗಿಗೆ ಅವನ ಇಬ್ಬರು ಮಕ್ಕಳೂ ತೀರಿಕೊಂಡು, ಉಳಿದವನು ಪರಊರಾದ ಮಿಲೇಟಸ್‌ನ ಆಸ್ಪೇಸಿಯಾಳಲ್ಲಿ ಹುಟ್ಟಿದ ಮಗ ಮಾತ್ರ. ತಾನೇ ತಂದ ಕಾನೂನಿಗೆ ತನ್ನ ಮಗನ ಪಾಲಿಗೆ ವಿನಾಯಿತಿ ಕೊಡಿ ಎಂದು ಅವನೇ ಜನರ ಮುಂದೆ ಬೇಡಬೇಕಾಯಿತು. ಕೊಟ್ಟರು, ಅದು ಬೇರೆ ಮಾತು.

ಎಲ್ಲರಿಗೂ ಪೆರಿಕ್ಲೀಸ್‌ನ ಪ್ರಭಾವ ಇರುವುದಿಲ್ಲವಲ್ಲ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲಿನ ಎರೆಕ್ಥಿಯಾನ್ ದೇಗುಲ ಕಟ್ಟಿದ ಖರ್ಚಿನ ಲೆಕ್ಕ ಕಲ್ಲಿನಲ್ಲಿ ಕೆತ್ತಿದ್ದು ಉಳಿದುಕೊಂಡಿದೆ, ಕ್ರಿ.ಪೂ. 5ನೇ ಶತಮಾನದ ಕೊನೆಯದು. ಸಿಕ್ಕಿದರೆ ಅನುವಾದ ತರಿಸಿ ಓದು. ಪೌರ, ಪರಊರಿನಿಂದ ಬಂದು ನೆಲೆಸಿದವನು, ಗುಲಾಮ, ಮೂರೂ ತರಹದವರು ಒಂದೇ ದೇಗುಲದ ಕೆಲಸದಲ್ಲಿದ್ದಾರೆ. ದಿನಗೂಲಿ ಸಾಮಾನ್ಯವಾಗಿ ಒಂದು ಡ್ರಾಕ್ಮಾ (ಅಲ್ಲಿನ ಬೆಳ್ಳಿ ನಾಣ್ಯ), ಪೌರನೆಂದು ಹೆಚ್ಚಿಲ್ಲ, ಗುಲಾಮನೆಂದು ಕಡಿಮೆಯಿಲ್ಲ. ಸಂಜೆಗೆ ಉಳಿ ಕೆಳಗಿಟ್ಟ ಮೇಲೆ ಮಾತ್ರ ಮೂವರೂ ಬೇರೆ ಬೇರೆ. ನಿಕ್ಸ್ ಗುಡ್ಡದ ಸಭೆಗೆ ಹೋಗಿ ಕೈಯೆತ್ತುವವನು ಪೌರ ಒಬ್ಬನೇ. ನೆಲೆಸಿದವನು ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ ಕಟ್ಟಬೇಕು, ಯುದ್ಧ ಬಂದರೆ ಹೋರಾಡಬೇಕು, ಆದರೆ ಒಂದು ತುಂಡು ನೆಲ ಕೊಳ್ಳುವಂತಿಲ್ಲ. ಅರಿಸ್ಟಾಟಲ್ ಕೂಡ ಇದೇ ಗುಂಪಿನವನು. ಉತ್ತರದ ಸ್ಟಾಗಿರಾದಲ್ಲಿ ಹುಟ್ಟಿ, ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗ ಅಥೆನ್ಸ್‌ನಲ್ಲಿ ಕಳೆದು, ಪೌರ ಎಂದರೆ ಯಾರು ಎಂಬುದನ್ನು ಲೋಕಕ್ಕೆಲ್ಲ ವಿವರಿಸಿದವನಿಗೆ ಆ ಊರಿನಲ್ಲಿ ಒಂದು ಮತ ಇರಲಿಲ್ಲ.

ಈಗ ರೋಮ್. ಅಲ್ಲಿ ಪೌರನೊಬ್ಬ ತನ್ನ ಗುಲಾಮನನ್ನು ವಿಧಿಪೂರ್ವಕವಾಗಿ ಬಿಡುಗಡೆ ಮಾಡಿದರೆ ಆ ಗುಲಾಮನೂ ಪೌರನಾಗುತ್ತಿದ್ದ. ಅವನಿಗೆ ದೊಡ್ಡ ಅಧಿಕಾರ ಸಿಗದಿದ್ದರೂ ಆಮೇಲೆ ಹುಟ್ಟಿದ ಮಗನಿಗೆ ಅಡ್ಡಿಯಿಲ್ಲ. ಕವಿ ಹೊರೇಸ್‌ನ ಅಪ್ಪ ಹೀಗೆ ಬಿಡುಗಡೆಯಾದವನು. ಮಗ ಅಥೆನ್ಸ್‌ಗೆ ಹೋಗಿ ಓದಿ ಬಂದ, ಆಗಸ್ಟಸ್‌ನ ಸಮೀಪಕ್ಕೆ ಏರಿದ.

ಇದನ್ನು ಗ್ರೀಕ್ ಲೋಕ ಗಮನಿಸದೆ ಇರಲಿಲ್ಲ. ಮ್ಯಾಸಿಡೋನಿಯಾದ ದೊರೆ 5ನೇ ಫಿಲಿಪ್, ಕ್ರಿ.ಪೂ. 215ರ ಸುಮಾರಿಗೆ, ಥೆಸಲಿಯ ಲಾರಿಸಾ ಊರಿನವರಿಗೆ ಬರೆದ ಪತ್ರ ಕಲ್ಲಿನಲ್ಲಿ ಉಳಿದಿದೆ. ಯುದ್ಧಗಳಿಂದ ಊರು ಬರಿದಾಗಿ ಹೊಲ ಬೀಳುಬಿದ್ದಿತ್ತು. ಹೊರಗಿನಿಂದ ಬಂದವರಿಗೆ ಪೌರತ್ವ ಕೊಡಿ ಎಂದು ದೊರೆ ಮೊದಲೇ ಹೇಳಿದ್ದ. ಊರಿನವರು ಹೆಸರು ಬರೆಸಿಕೊಂಡು, ಆಮೇಲೆ ಅಳಿಸಿಹಾಕಿದರು. ರೇಗಿದ ದೊರೆ ಮತ್ತೆ ಬರೆಯುತ್ತಾನೆ: ರೋಮಿನವರನ್ನು ನೋಡಿ, ಗುಲಾಮರನ್ನು ಬಿಡುಗಡೆ ಮಾಡಿದರೂ ಪೌರರನ್ನಾಗಿ ಸೇರಿಸಿಕೊಳ್ಳುತ್ತಾರೆ, ಅಧಿಕಾರದಲ್ಲೂ ಪಾಲು ಕೊಡುತ್ತಾರೆ, ಹಾಗೆ ಬೆಳೆದೇ ಸುಮಾರು 70 ಕಡೆ ವಸಾಹತು ಹೂಡಿದ್ದಾರೆ. ಲೆಕ್ಕವನ್ನು ಸ್ವಲ್ಪ ಉಬ್ಬಿಸಿಯೇ ಹೇಳಿದ್ದಾನೆ. ಆದರೆ ಈ ಮಾತು ಹೇಳಿದವನು ಯಾರು ನೋಡು, ಅದೇ ಕಾಲದಲ್ಲಿ ರೋಮಿನ ವೈರಿ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಒಪ್ಪಂದ ಮಾಡಿಕೊಂಡು ರೋಮಿನ ಮೇಲೆ ಕತ್ತಿ ಮಸೆಯುತ್ತಿದ್ದವನು. ನಿನ್ನ ಪ್ರಬಂಧ ಈ ಪತ್ರದಿಂದಲೇ ಶುರುವಾಗಲಿ. ಗೈಡ್ ಪುಸ್ತಕದ ವ್ಯಾಖ್ಯೆಗಳೆಲ್ಲ ಇದರ ಮುಂದೆ ಸಪ್ಪೆ.

ಇದಕ್ಕೆ ಜೋಡಿಯಾಗಿ ಕ್ಲಾಡಿಯಸ್ ಚಕ್ರವರ್ತಿಯ ಭಾಷಣ ಇಟ್ಟುಕೋ. ಕ್ರಿ.ಶ. 48ರಲ್ಲಿ ಗಾಲ್ (ಈಗಿನ ಫ್ರಾನ್ಸ್) ಪ್ರಾಂತದ ಮುಖಂಡರನ್ನು ಸೆನೆಟ್‌ಗೆ ಸೇರಿಸಿಕೊಳ್ಳಬೇಕೆಂದು ವಾದಿಸಿದ್ದು. ಅದರ ಕಂಚಿನ ಫಲಕ 1528ರಲ್ಲಿ, ಅವನು ಹುಟ್ಟಿದ ಲಿಯೋನ್ ಊರಿನಲ್ಲೇ ಸಿಕ್ಕಿತು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿರುವ ಪಾಠದಲ್ಲಿ ಅವನು ನೇರವಾಗಿ ಕೇಳುತ್ತಾನೆ: ಅಷ್ಟು ಶೂರರಾಗಿದ್ದ ಸ್ಪಾರ್ಟಾ, ಅಥೆನ್ಸಿನವರು ಹಾಳಾದದ್ದು ತಾವು ಸೋಲಿಸಿದವರನ್ನು ಪರಕೀಯರೆಂದೇ ದೂರ ಇಟ್ಟಿದ್ದರಿಂದ ಅಲ್ಲವೇ?

ಆದರೆ ಹುಷಾರು. ಇಷ್ಟು ಓದಿ ರೋಮನ್ನರು ಉದಾರಿಗಳು ಎಂದು ಬರೆದುಬಿಟ್ಟೀಯ. ಇಟಲಿಯ ಮಿತ್ರ ಜನಗಳು ತಲೆಮಾರುಗಟ್ಟಲೆ ರೋಮಿಗಾಗಿ ಕಾದಾಡಿ ಪೌರತ್ವ ಕೇಳಿದಾಗ ಕೊಡಲಿಲ್ಲ, ಕ್ರಿ.ಪೂ. 91ರಲ್ಲಿ ಅವರು ದಂಗೆಯೆದ್ದ ಮೇಲೆ, ರಕ್ತ ಹರಿದ ಮೇಲೆ ಕೊಟ್ಟರು. ಕೊಟ್ಟಿದ್ದಾದರೂ ಏನು? ರೋಮಿನ ಹಳೆಯ ಮತಪದ್ಧತಿಯಲ್ಲಿ 193 ಗುಂಪು. ಸಿರಿವಂತರ ಗುಂಪುಗಳು ಮೊದಲು ಮತ ಹಾಕಿ, ಒಂದೇ ಕಡೆಗೆ 97 ಗುಂಪು, ಅಂದರೆ ಬಹುಮತ, ಆದೊಡನೆ ಆಟ ಮುಗಿಯಿತು. ಆಸ್ತಿಯಿಲ್ಲದ ಸಾವಿರಾರು ಜನರಿಗೆಲ್ಲ ಸೇರಿ ಇದ್ದದ್ದು ಒಂದೇ ಗುಂಪು. ಅಥೆನ್ಸ್‌ನಲ್ಲಿ ಬಡ ಪೌರನೂ ನ್ಯಾಯಸ್ಥಾನದಲ್ಲಿ ಕೂರುತ್ತಿದ್ದ. ಕಲ್ಲಿನ ಚೀಟಿಯಂತ್ರದಲ್ಲಿ ಹೆಸರಿನ ಬಿಲ್ಲೆ ಸಿಕ್ಕಿಸಿ, ಕಪ್ಪು ಬಿಳಿ ಗೋಲಿ ಬೀಳಿಸಿ ಆರಿಸುತ್ತಿದ್ದರು. ಆ ಕಲ್ಲಿನ ತುಂಡು ಈಗಲೂ ಅಥೆನ್ಸಿನ ಅಗೋರಾ ಮ್ಯೂಸಿಯಮ್ಮಿನಲ್ಲಿದೆ. ಅಥೆನ್ಸ್‌ನಲ್ಲಿ ಕೆಲವರಿಗೆ ತುಂಬಿದ ಎಲೆ, ರೋಮಿನಲ್ಲಿ ದೊಡ್ಡ ಪಂಕ್ತಿ, ಆದರೆ ಬಡಿಸಿದ್ದು ತೆಳ್ಳಗೆ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲಾ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಡುವ ಹೊತ್ತಿಗೆ ಮತದ ಬೆಲೆ ಹೋಗಿ ಎಷ್ಟೋ ಕಾಲವಾಗಿತ್ತು. ತೆರಿಗೆ ಕಟ್ಟುವವರು ಹೆಚ್ಚಲಿ ಎಂದೇ ಹೀಗೆ ಮಾಡಿದ ಎಂದು ಅವನ ಕಾಲದವನೇ ಆದ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಬರೆದಿದ್ದಾನೆ.

ತೆಳ್ಳಗೆ ಎಂದರೂ ಬರೀ ಹೆಸರಿಗಲ್ಲ ಎನ್ನುವುದಕ್ಕೆ ಬೈಬಲ್ಲಿನಲ್ಲಿ ಬರುವ ಕ್ರೈಸ್ತ ಧರ್ಮಪ್ರಚಾರಕ ಪೌಲನ ಪ್ರಸಂಗ ಇದೆ. ಜೆರುಸಲೇಮ್‌ನಲ್ಲಿ ಅವನನ್ನು ಚಾಟಿಯೇಟಿಗೆ ಕಟ್ಟಿಹಾಕಿದಾಗ, ವಿಚಾರಣೆಯಿಲ್ಲದೆ ರೋಮಿನ ಪೌರನನ್ನು ಹೊಡೆಯಬಹುದೇ ಎಂದು ಕೇಳಿದ. ಸೇನಾಧಿಕಾರಿಗೆ ದಿಗಿಲು. ‘ನಾನು ತುಂಬ ಹಣ ತೆತ್ತು ಪೌರತ್ವ ಪಡೆದವನು’ ಎಂದ ಅಧಿಕಾರಿ. ‘ನಾನು ಹುಟ್ಟಾ ಪೌರ’ ಎಂದ ಪೌಲ. ಚಾಟಿ ಹಿಂದೆ ಸರಿಯಿತು.

ಹೆಂಗಸರ ವಿಷಯ ನೀನು ಮುಟ್ಟಿಯೇ ಇಲ್ಲ. ಎರಡೂ ಕಡೆ ಅವರಿಗೆ ಮತವಿಲ್ಲ, ಆದರೂ ಬದುಕು ಒಂದೇ ತರಹ ಇರಲಿಲ್ಲ. ಹೆಂಡತಿಯನ್ನು ಔತಣಕ್ಕೆ ಕರೆದೊಯ್ಯಲು ಯಾವ ರೋಮನ್ನನಿಗೆ ನಾಚಿಕೆ, ಗ್ರೀಸಿನಲ್ಲಾದರೋ ಅವಳು ನೆಂಟರ ಊಟಕ್ಕೆ ಬಿಟ್ಟು ಬೇರೆಡೆ ಹೋಗುವಂತಿಲ್ಲ ಎಂದು ನೆಪೋಸ್ ಎಂಬ ರೋಮನ್ ಲೇಖಕ ಬರೆಯುತ್ತಾನೆ. ಒಂದು ಪ್ಯಾರಾ ಸೇರಿಸು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಪ್ಯಾರಾ ಮಾತ್ರ ತೆಗೆ. ಮಾಹಿತಿ ಸರಿಯೇ, ನಮ್ಮ ಊರಿನ ಅಭಿಮಾನವೂ ಸರಿಯೇ, ಆದರೆ ಅದು ವ್ಯಾಪಾರದ ಕಥೆ, ಈ ಪ್ರಶ್ನೆಗೆ ಉತ್ತರವಲ್ಲ.

ನಿಮ್ಮ ಮೇಷ್ಟ್ರು ‘ಕೊನೆಗೆ ಯಾರು ಶ್ರೇಷ್ಠ?’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡದೆ ನುಣುಚಿಕೊಳ್ಳಬೇಡ. ಯಾರ ಜಾಗದಲ್ಲಿ ನಿಂತು ಕೇಳುತ್ತಿದ್ದೀರಿ ಸಾರ್, ಅಥೆನ್ಸಿನ ಬಡ ಪೌರನದೋ, ಎರೆಕ್ಥಿಯಾನ್‌ನ ಗುಲಾಮನದೋ ಎಂದು ಕೇಳಿ, ಆಮೇಲೆ ನಿನಗೆ ತೋಚಿದ್ದನ್ನು ಹೇಳು. ಹೊಸ ಕರಡನ್ನು ಟೈಪ್ ಮಾಡಿಸುವ ಮೊದಲು ನನಗೊಮ್ಮೆ ಕಳಿಸು. ಇಸವಿಗಳ ಹಿಂದೆ ಕ್ರಿ.ಪೂ., ಕ್ರಿ.ಶ. ಬಿಡದೆ ಹಾಕು, ಎರಡು ಕಡೆ ಅದಲುಬದಲಾಗಿದೆ. ಅಮ್ಮನಿಗೆ ನಾನು ಕೇಳಿದೆ ಎಂದು ಹೇಳು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ