ಅಮ್ಮನ ‘ಗ್ಯಾಸ್ಟ್ರಿಕ್’ ಬಗ್ಗೆ ಅಪ್ಪನಿಗೆ

ಪರ್ತ್, ಆಸ್ಟ್ರೇಲಿಯಾ

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀವು ವಾಟ್ಸಾಪಿನಲ್ಲಿ ಕಳಿಸಿದ ಅಮ್ಮನ ಮಾತ್ರೆ ಡಬ್ಬಿಯ ಫೋಟೋ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗುವಾಗ ಈ ಕಾಗದ ನಿಮ್ಮ ಜೇಬಿನಲ್ಲಿರಲಿ.

ಡಬ್ಬಿಯಲ್ಲಿ ನಾಲ್ಕು ಥರ ಇವೆ: ಥೈರಾಯ್ಡ್ ಮಾತ್ರೆ, ಮಂಡಿನೋವಿಗೆ ಅಸೆಕ್ಲೋಫೆನಾಕ್, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40, ಚೀಪುವ ಆಂಟಾಸಿಡ್. ಕೊನೆಯ ಎರಡು ಮೂಲೆಯ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಬಂದವು ಅಂತ ಅಮ್ಮನೇ ಒಪ್ಪಿಕೊಂಡಳು. ನನ್ನ ತಕರಾರು ಆ ಮಾತ್ರೆಗಳ ಮೇಲಲ್ಲ, ಉರಿ ಯಾಕೆ ಬಂತು ಅಂತ ಯಾರೂ ನೋಡದೆ ಎಂಟು ತಿಂಗಳು ಅವನ್ನೇ ನುಂಗುತ್ತಿರುವುದರ ಮೇಲೆ.

ನಮ್ಮಲ್ಲಿ ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ಬೆನ್ನು ಹಿಡಿದದ್ದು, ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಅಂತ ಒಂದೇ ಹೆಸರು. ಗ್ಯಾಸ್ಟ್ರೈಟಿಸ್ ಅಂದರೆ ಜಠರದ ಒಳಪದರಕ್ಕೆ ಉರಿಯೂತ ಆಗಿರುವುದು. ಗಾಳಿ ತುಂಬುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ನನ್ನ ಮೊದಲ ಶಂಕೆ ಮಂಡಿನೋವಿನ ಮಾತ್ರೆಯ ಮೇಲೆ. ಜಠರದಲ್ಲಿರುವ ಆಮ್ಲ ಜಠರವನ್ನೇ ಸುಡದಂತೆ ಒಳಗೋಡೆಯ ಮೇಲೆ ಲೋಳೆಯ ಒಂದು ಪದರ ಇರುತ್ತದೆ. ಅದನ್ನು ಸದಾ ಹೊಸದಾಗಿ ಇಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು. ಮಂಡಿಯಲ್ಲಿ ನೋವು, ಊತ ಹುಟ್ಟಿಸುವುದೂ ಅದೇ ಬಳಗದ್ದು. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಈ ವಸ್ತುವಿನ ತಯಾರಿಯನ್ನೇ ತಡೆಯುತ್ತವೆ, ಹಾಗಾಗಿ ಮಂಡಿಗೆ ಆರಾಮ ಸಿಕ್ಕ ಹೊತ್ತಿನಲ್ಲೇ ಜಠರದ ಕಾವಲೂ ಹೋಗುತ್ತದೆ. ಇದು ರಕ್ತದ ಮೂಲಕ ಆಗುವ ಕೆಲಸ. ‘ಊಟ ಆದಮೇಲೇ ತಗೋತೀನಿ’, ‘ಇಂಜೆಕ್ಷನ್ ಆದ್ರೆ ಹೊಟ್ಟೆಗೆ ತೊಂದರೆ ಇಲ್ಲ’ ಅನ್ನುವುದೆಲ್ಲ ಬರೀ ಸಮಾಧಾನ. ಊಟದ ಮೇಲೆ ತಗೊಂಡರೆ ಉರಿ ಸ್ವಲ್ಪ ಕಡಿಮೆ ಅನಿಸಬಹುದು, ಹುಣ್ಣಾಗುವ ಅಪಾಯ ತಪ್ಪುವುದಿಲ್ಲ.

ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಮಾತ್ರೆಯ ಬದಲು ಅದನ್ನು ಹಚ್ಚಲಿ. ನೋವು ಜಾಸ್ತಿ ಇದ್ದ ದಿನ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರದಲ್ಲಿ, ದಿನಕ್ಕೆ ಮೂರು ಸಾಕು. ಮೂಳೆ ಡಾಕ್ಟರಿಗೆ ಹೊಟ್ಟೆಯ ವಿಷಯ ಹೇಳಿ ಬೇರೆ ದಾರಿ ಕೇಳಿ. ನಿಮ್ಮ ಆಸ್ಪಿರಿನ್ 75 ಕೂಡ ಇದೇ ಜಾತಿಗೆ ಸೇರಿದ್ದು, ಆದರೆ ಈ ಕಾಗದ ಓದಿ ಅದನ್ನು ಬಿಟ್ಟೀರಿ! ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ಎರಡನೇ ಶಂಕೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಣ್ಣಗೆ ಮಾಡಿಕೊಂಡು ಲೋಳೆಯೊಳಗೆ ಬದುಕುತ್ತದೆ. ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಮಂದಿಯಿಂದ ಅಂಟುತ್ತದೆ, ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಹುಣ್ಣು, ಅಪರೂಪಕ್ಕೆ ಜಠರದ ಕ್ಯಾನ್ಸರ್. ಇದು ಪತ್ತೆಯಾದದ್ದು ಈ ಪರ್ತ್ ಊರಿನಲ್ಲೇ. ಇಲ್ಲಿನ ಡಾಕ್ಟರ್ ರಾಬಿನ್ ವಾರನ್ 1979ರಲ್ಲಿ, ಜಠರದಿಂದ ಪರೀಕ್ಷೆಗೆಂದು ತೆಗೆದ ಬಯಾಪ್ಸಿ ತುಣುಕುಗಳಲ್ಲಿ ಇದನ್ನು ಕಂಡರು. 1982ರಲ್ಲಿ ಈಸ್ಟರ್ ರಜೆಯೆಂದು, ಅದನ್ನು ಬೆಳೆಸಲು ಇಟ್ಟ ಲ್ಯಾಬಿನ ತಟ್ಟೆಗಳು ಎರಡು ದಿನದ ಬದಲು ಐದು ದಿನ ಹಾಗೇ ಉಳಿದವು, ಆಗ ಬೆಳೆಯಿತು. ಯಾರೂ ನಂಬದಿದ್ದಾಗ 1984ರಲ್ಲಿ ವಾರನ್ ಜೊತೆಗಾರ ಡಾಕ್ಟರ್ ಬ್ಯಾರಿ ಮಾರ್ಷಲ್ ಅದನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದು ಪತ್ತೆಯಾಗುವತನಕ ಖಾರ, ಟೆನ್ಷನ್ ಅಂತಲೇ ಜಗತ್ತು ಹೇಳುತ್ತಿತ್ತು, ನಮ್ಮ ಗಾಂಧಿ ಬಜಾರಿನಲ್ಲಿ ಈಗಲೂ ಹಾಗೇ ಹೇಳುತ್ತಾರೆ. ಸಾರಿನಪುಡಿ ಒಳಪದರವನ್ನು ಕೆಡಿಸುವುದಿಲ್ಲ. ಆಗಲೇ ಕೆಟ್ಟ ಪದರದ ಮೇಲೆ ಬಿದ್ದರೆ ಉರಿಸುತ್ತದೆ, ಅಷ್ಟೆ. ತಣ್ಣನೆ ಹಾಲೂ ಅಷ್ಟೇ, ಅರ್ಧ ಗಂಟೆ ಹಿತ, ಆಮೇಲೆ ಆಮ್ಲ ಇನ್ನಷ್ಟು ಸುರಿಯುತ್ತದೆ.

ಮೂರನೆಯದನ್ನು ಅಮ್ಮನ ವಿಷಯದಲ್ಲಿ ಮರೆಯಬಾರದು. ದೇಹವೇ ತನ್ನ ಜಠರದ ಜೀವಕೋಶಗಳ ಮೇಲೆ ದಾಳಿ ಮಾಡುವ ಒಂದು ಬಗೆಯ ಗ್ಯಾಸ್ಟ್ರೈಟಿಸ್ ಇದೆ. ಅಂಥದ್ದೇ ಕಾರಣದ ಥೈರಾಯ್ಡ್ ತೊಂದರೆ ಇರುವವರಲ್ಲಿ ಅದು ಹೆಚ್ಚು. ಅದರಲ್ಲಿ ಬಿ12 ಹೀರುವುದು ನಿಂತು ರಕ್ತ ಕಡಿಮೆಯಾಗುತ್ತದೆ, ಪಾದ ಜೋಮು ಹಿಡಿಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ಮೂರನ್ನೂ ಒಟ್ಟಿಗೆ ಮಾಡಿಸಿ. ಮದ್ಯ, ಪಿತ್ತ ಮೇಲೆ ನುಗ್ಗುವುದು ಇತ್ಯಾದಿ ಕಾರಣಗಳೂ ಇವೆ, ನಮ್ಮ ಮನೆಗೆ ಸದ್ಯ ಬೇಕಿಲ್ಲ.

ಈಗ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. ಪ್ಯಾಂಟೊಪ್ರಜೋಲ್ ನುಂಗುತ್ತಿರುವಾಗ ಎಚ್. ಪೈಲೋರಿಯ ಸಂಖ್ಯೆ ತಗ್ಗಿ, ಇದ್ದರೂ ‘ಇಲ್ಲ’ ಅಂತ ರಿಪೋರ್ಟ್ ಬರಬಹುದು. ಉಸಿರಿನ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆ, ಬಯಾಪ್ಸಿ, ಯಾವುದೇ ಆಗಲಿ, ಎರಡು ವಾರ ಮೊದಲೇ ಅದು ನಿಂತಿರಬೇಕು, ಆಂಟಿಬಯೋಟಿಕ್ ಆದರೆ ನಾಲ್ಕು ವಾರ. ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ. ಆ ಎರಡು ವಾರ ಅಮ್ಮ ಅಸೆಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಯನ್ನಂತೂ ಮುಟ್ಟಲೇಬಾರದು, ಉರಿಗೆ ಆಂಟಾಸಿಡ್ ಸಾಕು. ರಕ್ತದಲ್ಲಿ ಎಚ್. ಪೈಲೋರಿ ಆಂಟಿಬಾಡಿ ನೋಡುವ ಪರೀಕ್ಷೆಗೆ ದುಡ್ಡು ಹಾಕಬೇಡಿ, ವಾಸಿಯಾಗಿ ವರ್ಷಗಳಾದರೂ ಅದು ‘ಪಾಸಿಟಿವ್’ ಅನ್ನುತ್ತಿರುತ್ತದೆ.

ಅಮ್ಮನಿಗೆ 60 ದಾಟಿದೆ, ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವುದು) ಮಾಡಿಸುವುದೇ ಸರಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಆರರಿಂದ ಎಂಟು ಗಂಟೆ ಏನೂ ತಿನ್ನಬಾರದು, ನೀರೂ ಕೊನೆಯ ಎರಡು ಗಂಟೆ ಬೇಡ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಒಳಗಿನ ಕೆಲಸ ಐದು-ಹತ್ತು ನಿಮಿಷದ್ದು. ಮರಗಟ್ಟಿದ್ದು ಬಿಡುವತನಕ ಕಾಫಿ ಕೊಡಬೇಡಿ, ಉಸಿರುನಾಳಕ್ಕೆ ಹೋದೀತು. ಒಂದು ಮಾತನ್ನು ಮಾತ್ರ ಮೊದಲೇ ಕೇಳಿ: ‘ಬಯಾಪ್ಸಿ ತೆಗೀತೀರಾ?’ ಕ್ಯಾಮೆರಾದಲ್ಲಿ ಕೆಂಪಗೆ ಕಂಡದ್ದೆಲ್ಲ ಗ್ಯಾಸ್ಟ್ರೈಟಿಸ್ ಅಲ್ಲ, ನುಣುಪಾಗಿ ಕಂಡದ್ದರಲ್ಲೂ ಇರಬಹುದು. ಜಠರದ ಕೆಳಭಾಗ, ತಿರುವು, ಮೇಲ್ಭಾಗ ಸೇರಿ ಐದು ತುಣುಕು ತೆಗೆದರೆ ಒಳ್ಳೆಯದು. ಅದೇ ದಿನ ಬರುವ ಬಣ್ಣದ ಫೋಟೋ ರಿಪೋರ್ಟಿಗೇ ಮುಗಿಯಿತು ಅಂದುಕೊಳ್ಳಬೇಡಿ. ಬಯಾಪ್ಸಿ ರಿಪೋರ್ಟ್ ಕೆಲವು ದಿನ ಬಿಟ್ಟು ಬರುತ್ತದೆ. ಅದರಲ್ಲಿ ‘ಅಟ್ರೋಫಿ’ (ಒಳಪದರ ಸವೆದಿರುವುದು) ಅಥವಾ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ (ಅದು ಕರುಳಿನ ಪದರದಂತೆ ಬದಲಾಗಿರುವುದು) ಅಂತಿದ್ದರೆ ಮುಂದೆ ಯಾವಾಗ ನೋಡಬೇಕು ಅಂತ ಕೇಳಿ.

ಬ್ಯಾಕ್ಟೀರಿಯಾ ಸಿಕ್ಕರೆ 14 ದಿನದ ಕೋರ್ಸ್. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ಕಿಗೆ ಬಗ್ಗದ ತಳಿಗಳು ನಮ್ಮ ದೇಶದಲ್ಲಿ ಹೆಚ್ಚು, ಹಾಗಾಗಿ ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಹೀಗೆ ನಾಲ್ಕು ಕೂಡಿಸಿ ಕೊಡಬಹುದು. ಬಾಯಿ ಕಹಿಯಾಗುತ್ತದೆ, ಬಿಸ್ಮತ್‌ನಿಂದ ನಾಲಿಗೆಯೂ ಮಲವೂ ಕಪ್ಪಾಗುತ್ತವೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಐದನೇ ದಿನಕ್ಕೇ ಹೆದರಿ ಬಿಡುತ್ತಾಳೆ, ಅರ್ಧಕ್ಕೆ ಬಿಟ್ಟರೆ ಮುಂದಿನ ಸಲ ಅದೇ ಔಷಧಿ ನಾಟದೆ ಹೋಗಬಹುದು. ಉರಿ ಹೋಯಿತೆಂದರೆ ಬ್ಯಾಕ್ಟೀರಿಯಾ ಹೋಯಿತೆಂದಲ್ಲ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಉಸಿರಿನದ್ದೋ ಮಲದ್ದೋ ಪರೀಕ್ಷೆ ಇನ್ನೊಮ್ಮೆ ಆಗಬೇಕು.

ಪ್ಯಾಂಟೊಪ್ರಜೋಲ್ ಮುಂದುವರಿಸಿ ಅಂದರೆ ಹೊತ್ತು ಮುಖ್ಯ. ಆಮ್ಲ ಸುರಿಸುವ ಪಂಪುಗಳು ಊಟದಿಂದ ಚಾಲೂ ಆಗುವ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ಅಮ್ಮ ಮಾಡುವ ಹಾಗೆ ತಿಂಡಿಯಾದ ಮೇಲೆ ನುಂಗಿದರೆ ಅರ್ಧ ದಂಡ. ಆರಕ್ಕೆ ಥೈರಾಯ್ಡ್ ಮಾತ್ರೆ ಬರೀ ನೀರಲ್ಲಿ, ಏಳಕ್ಕೆ ಇದು, ಏಳೂವರೆಗೆ ತಿಂಡಿ, ಆಮೇಲೆ ಕಾಫಿ. ಆಂಟಾಸಿಡ್‌ಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಪ್ಯಾಂಟೊಪ್ರಜೋಲ್ ಕೂಡ ಥೈರಾಯ್ಡ್ ಮಾತ್ರೆ ಹೀರುವುದನ್ನು ತಗ್ಗಿಸಬಹುದು, ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಒಮ್ಮೆ ನೋಡಿಸಿ. ತಿಂಗಳುಗಟ್ಟಲೆ ತಗೊಂಡದ್ದನ್ನು ಥಟ್ಟನೆ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಸುರಿಯಬಹುದು. ಕಾಯಿಲೆ ಮರಳಿತು ಅಂತ ಜನ ಮತ್ತೆ ಶುರುಮಾಡುವುದು ಆಗಲೇ.

ಇಷ್ಟಕ್ಕೆಲ್ಲ ಕಾಯದೆ ಓಡಬೇಕಾದ ಹೊತ್ತೂ ಇದೆ. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ, ನಾತ ಹೊಡೆಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಫಿಲ್ಟರಿನಲ್ಲಿ ಉಳಿಯುವ ಕಾಫಿ ಚರಟದಂಥದ್ದು ಬಂದರೆ ಅದೇ ದಿನ ಎಮರ್ಜೆನ್ಸಿಗೆ. ತೂಕ ಇಳಿದರೆ, ತುತ್ತು ಗಂಟಲಲ್ಲಿ ಸಿಕ್ಕಿದಂತಾದರೆ ಆ ವಾರವೇ ಡಾಕ್ಟರಿಗೆ ತೋರಿಸಿ. ಇನ್ನು ಬೆವರು, ಏದುಸಿರು, ದವಡೆಗೋ ತೋಳಿಗೋ ಹರಿಯುವ ಸೆಳೆತ, ಮೆಟ್ಟಿಲು ಹತ್ತಿದಾಗ ಬರುವ ಎದೆ ಉರಿ, ಇದು ನಿಮಗಾಗಲಿ ಅಮ್ಮನಿಗಾಗಲಿ ಬಂದರೆ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದಲ್ಲಿ ಇಸಿಜಿ ಆಗಲಿ. ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವುದೋ ಬೇಡವೋ ಆಮೇಲೆ ನೋಡೋಣ.

ಅಮ್ಮನಿಗೆ ಹೇಳಿ, ಕಾಫಿ ಬಿಡಿಸುತ್ತಿಲ್ಲ, ಖಾಲಿ ಹೊಟ್ಟೆಯ ಆ ಮೊದಲ ಲೋಟ ಮಾತ್ರ ಬೇಡ. ಬಯಾಪ್ಸಿ ರಿಪೋರ್ಟ್ ಬಂದ ದಿನ ಎಲ್ಲ ಪುಟಗಳ ಫೋಟೋ ತೆಗೆದು ಕಳಿಸಿ.

ನಿಮ್ಮ ಮಗಳು