ಲೋಡ್‌ಶೀಟ್ ಕೈಯಲ್ಲೂ ಬರಲಿ, ಮಗಳೇ

ಪ್ರೀತಿಯ ಪುಟ್ಟಿ,

ವಿಮಾನದ ಭಾರ ಲೆಕ್ಕಹಾಕಿ ಹಂಚುವ ಲೋಡ್ ಕಂಟ್ರೋಲ್ ತರಬೇತಿಗೆ ನಿನ್ನ ಹೆಸರು ಬಂತು ಅಂತ ಅಮ್ಮ ಹೇಳಿದಳು. ತುಂಬಾ ಹಿಗ್ಗಾಯಿತು ಕಣೇ. ಆದರೆ ಲೋಡ್‌ಶೀಟ್, ಅಂದರೆ ವಿಮಾನದ ಭಾರದ ಲೆಕ್ಕಪತ್ರ, ಅದರ ಕೈಲೆಕ್ಕವನ್ನು ನೆಪಕ್ಕೆ ಕಲಿಸಿ ಬಿಡುತ್ತಾರೆ, ಆಮೇಲೆ ಎಲ್ಲ ಸಿಸ್ಟಮ್ಮೇ ನೋಡಿಕೊಳ್ಳುತ್ತೆ ಅಂದೆಯಂತೆ. ಅದಕ್ಕೇ ಈ ಕಾಗದ.

ಸಿಸ್ಟಮ್ ಬೇಡ ಅನ್ನುವವನಲ್ಲ ನಾನು. ಅದರ ವೇಗ ನಮಗೆಲ್ಲಿತ್ತು? ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ನಾವು ಜನ, ಬ್ಯಾಗು, ಸರಕು, ಇಂಧನ ಎಲ್ಲವನ್ನೂ ಕೂಡಿಸಿ, ಭಾರ ಹಿಂದೆ ಮುಂದೆ ಸಮತೂಕವಾಗಿದೆಯೇ ಅಂತ ತೋರಿಸುವ ಟ್ರಿಮ್ ಶೀಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಾ ಇಳಿಯುತ್ತಿದ್ದೆವು. ಮುಂದಿನ ಹೋಲ್ಡಿನ (ಸರಕು ತುಂಬುವ ಜಾಗದ) ಭಾರಕ್ಕೆ ಗೆರೆ ಒಂದು ಕಡೆ ಸರಿಯುತ್ತದೆ, ಹಿಂದಿನದಕ್ಕೆ ಇನ್ನೊಂದು ಕಡೆ. ಕೊನೆಗೆ ಅದು ಮಿತಿಯೊಳಗೆ ಬೀಳಬೇಕು. ದಿನಾ ಇದನ್ನೇ ಮಾಡಿದವರಿಗೆ ಉತ್ತರ ಸುಮಾರು ಎಲ್ಲಿರಬೇಕು ಅಂತ ಮೊದಲೇ ಗೊತ್ತಾಗುತ್ತಿತ್ತು. ಈಗ ಕೈಬಿಟ್ಟು ಹೋಗುತ್ತಿರುವುದು ಆ ಅಂದಾಜು. ನನಗೆ ಭಯ ಇರುವುದೂ ಅದರ ಬಗ್ಗೆಯೇ.

2020ರ ಜುಲೈ 21ರಂದು ಬರ್ಮಿಂಗ್‌ಹ್ಯಾಮ್‌ನಿಂದ ಮಯೋರ್ಕಾಗೆ ಹೊರಟ ಟಿಯುಐ ಕಂಪನಿಯ ಬೋಯಿಂಗ್ 737ರ ತನಿಖಾ ವರದಿಯನ್ನು ಓದು. ಬುಕಿಂಗ್‌ನಲ್ಲಿ ‘ಮಿಸ್’ ಅಂತ ಇದ್ದ 38 ಹೆಂಗಸರನ್ನು ಸಾಫ್ಟ್‌ವೇರ್ ಮಕ್ಕಳೆಂದು ಎಣಿಸಿ, ತಲಾ 35 ಕಿಲೋ ಹಿಡಿಯಿತು. ಲೋಡ್‌ಶೀಟ್ ಹೇಳಿದ್ದಕ್ಕಿಂತ 1,244 ಕಿಲೋ ಹೆಚ್ಚು ಭಾರ ಹೊತ್ತು ವಿಮಾನ ಹಾರಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಫ್ಲೈಟ್ ಪ್ಲಾನ್‌ನಲ್ಲಿ 29 ಮಕ್ಕಳು, ಲೋಡ್‌ಶೀಟ್‌ನಲ್ಲಿ 65! ಸಂಖ್ಯೆ ಜಾಸ್ತಿಯಾಯಿತಲ್ಲ ಅಂತ ಕ್ಯಾಪ್ಟನ್‌ಗೆ ಅನ್ನಿಸಿತ್ತು, ಇರಬಹುದು ಅಂದುಕೊಂಡು ಹೊರಟರು. ಅನುಮಾನ ಬಂದಾಗ ನೆಲದ ಮೇಲೆ ಒಬ್ಬರಾದರೂ ‘ತಡೆಯಿರಿ, ಇನ್ನೊಮ್ಮೆ ಎಣಿಸೋಣ’ ಅನ್ನಬೇಕು. ಆ ಒಬ್ಬಳು ನೀನಾಗಬೇಕು ಅಂತ ನನ್ನಾಸೆ.

2024ರ ಜುಲೈ 19ರಂದು ಕಂಪ್ಯೂಟರುಗಳು ಕೈಕೊಟ್ಟಾಗ ನಮ್ಮ ದೇಶದ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಪಾಸು ಬರೆಯಲು ಅಕ್ಷರ ಬಂದರೆ ಸಾಕು. ತೂಕ ಹಂಚಲು ಅಭ್ಯಾಸ ಬೇಕು, ಅದು ಆ ಹೊತ್ತಿಗೆ ಬಾ ಅಂದರೆ ಬರುವುದಿಲ್ಲ.

ವಾರಕ್ಕೊಂದು ಫ್ಲೈಟನ್ನಾದರೂ ಕೈಯಲ್ಲಿ ಹಾಕಿ, ಸಿಸ್ಟಮ್ಮಿನ ಉತ್ತರದ ಜೊತೆ ಹೋಲಿಸು. ಪರದೆ ನೋಡುವ ಮೊದಲು ನಿನ್ನ ಅಂದಾಜನ್ನು ಚೀಟಿಯಲ್ಲಿ ಬರೆದಿಡು. ನಿಮ್ಮ ಶಿಫ್ಟಿನಲ್ಲಿ ಹಳಬರಿದ್ದರೆ, ಅವರು ರಿಟೈರ್ ಆಗುವ ಮೊದಲೇ ಕೇಳಿ ಕಲಿತುಕೋ. ಹಬ್ಬಕ್ಕೆ ಬರುವಾಗ ತರಬೇತಿಯ ಖಾಲಿ ಟ್ರಿಮ್ ಶೀಟ್ ತಾ, ಇಬ್ಬರೂ ಕೂತು ಹಾಕೋಣ.

ನಿನ್ನ ಅಪ್ಪ