ಗೋಡೆಗೆ ಡ್ರಿಲ್ ಹಿಡಿಯುವ ಮುಂಚೆ

ಪ್ರೀತಿಯ ಪುಟ್ಟೀ,

ಹೊಸ ಮನೆಯ ಗೋಡೆಗೆ ಬಣ್ಣ ಚೆನ್ನಾಗಿ ಬಂದಿದೆ. ಪಟಗಳನ್ನೆಲ್ಲ ಒಂದೇ ಭಾನುವಾರ ಹಾಕಿ ಮುಗಿಸುವ ಅವಸರ ಬೇಡ. ಸ್ವಲ್ಪ ದಿನ ಓಡಾಡು. ಎಲ್ಲಿ ಕೂತು ಕಾಫಿ ಕುಡಿಯುತ್ತೀರಿ, ಸಂಜೆ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಗೊತ್ತಾಗಲಿ.

ನಮ್ಮ ಜಗಲಿಯಲ್ಲಿ ಪಟಗಳು ಜಂತಿಗೆ ತಾಗುವಷ್ಟು ಮೇಲಿವೆ ಅಂತ ನೀನೂ ಹಾಗೆ ಹಾಕಬೇಡ. ಇಲ್ಲಿ ಅವುಗಳಿಗೆ ಕೆಳಗೆ ಎರಡು ಮೊಳೆಯ ಆಸರೆ ಕೊಟ್ಟು, ಮೇಲೆ ಹುರಿ ಕಟ್ಟಿ, ಮುಂದಕ್ಕೆ ಬಾಗಿಸಿದ್ದಾರೆ. ಚಾಪೆಯ ಮೇಲೆ ಕೂತವರಿಗೂ ಕಾಣುತ್ತದೆ. ನಿಮ್ಮ ಹಾಲಿನಲ್ಲಿ ಪಟದ ನಡುಭಾಗ ನೆಲದಿಂದ 57 ಇಂಚಿನ ಆಸುಪಾಸು ಬಂದರೆ ಕಣ್ಣಿಗೆ ನೇರ. ಸೋಫಾದ ಮೇಲಾದರೆ ಅದರ ಬೆನ್ನಿಗಿಂತ ಆರೆಂಟು ಇಂಚು ಬಿಡು. ಹಳೇ ಪೇಪರನ್ನು ಪಟದ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ ನೋಡು. ಒಪ್ಪಿಗೆಯಾದ ಮೇಲೆ ತೂತು. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲಾಗಲಿ ಕೆಳಗಾಗಲಿ, ಡ್ರಿಲ್ ಹಿಡಿಯಲೇಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ.

ಅಜ್ಜ-ಅಜ್ಜಿಯ ಮದುವೆ ಫೋಟೊ ಕೇಳಿದ್ದೆಯಲ್ಲ, ಪ್ರತಿ ಮಾಡಿಸಿ ಕಳಿಸುತ್ತೇನೆ. ಮೂಲದ್ದು ಮಳೆಗಾಲದ ತೇವಕ್ಕೆ ಒಂದು ಮೂಲೆಯಲ್ಲಿ ಗಾಜಿಗೆ ಅಂಟಿದೆ, ಕೀಳಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ನಿನ್ನದಕ್ಕೆ ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಮೌಂಟ್, ಅಂದರೆ ಫೋಟೊ ಗಾಜಿಗೆ ತಾಗದ ಹಾಗೆ ಸುತ್ತ ಇಡುವ ದಪ್ಪ ರಟ್ಟಿನ ಅಂಚು, ಇಡಿಸು. ಹತ್ತಿರದಿಂದ ನೋಡಿದ್ದೀಯಾ ಅದನ್ನ? ಅಜ್ಜ ಕುರ್ಚಿಯಲ್ಲಿ, ಹಿಂದೆ ಸ್ಟುಡಿಯೋದ ಪರದೆಯಲ್ಲಿ ಬರೆದ ಕಂಬ. ಪಕ್ಕದಲ್ಲಿ ನಿಂತ ಅಜ್ಜಿ ಸೆರಗಿನ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ. ಪಾಪ, ಎಷ್ಟು ಹೆದರಿದ್ದಳೋ! ಪಟ ಮೇಲಿದ್ದಷ್ಟು ಕಾಲ ಆ ಕೈ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೀರಿಕೊಂಡವರ ಫೋಟೊಗೆ ಹಾರ ಹಾಕಿ ಎತ್ತರದಲ್ಲಿಡಬೇಕು ಅಂತ ಹೇಳುವವರಿದ್ದಾರೆ. ನನಗಂತೂ ಅವರಿಬ್ಬರೂ ನೀವು ಊಟಕ್ಕೆ ಕೂರುವ ಕಡೆ, ಮುಖ ಕಾಣುವ ಹಾಗೆ ಇರಬೇಕು.

ರವಿವರ್ಮರ ಲಕ್ಷ್ಮಿಯನ್ನೂ ತೆಗೆದುಕೊಂಡು ಹೋಗು. 1894ರಲ್ಲಿ ಮುಂಬೈಯಲ್ಲಿ ಅವರ ಛಾಪಖಾನೆ ಶುರುವಾದ ಮೇಲೆ ಅರಮನೆಯ ಚಿತ್ರಗಳಂಥವು ನಮ್ಮಂಥವರ ಮನೆಗೂ ಬಂದವು. ಹಳೇ ಕಾಗದ, ಬಿಸಿಲಿಗೆ ಬಣ್ಣ ಹೋಗುತ್ತದೆ. ಪಡುವಣ ಕಿಟಕಿಯ ಎದುರು ಮಾತ್ರ ಬೇಡ.

ಅಳಿಯಂದಿರ ಮನೆಯ ಫೋಟೊಗಳನ್ನೂ ಅತ್ತೆಯವರ ಹತ್ತಿರ ಕೇಳಿ ತರಿಸಿಕೋ. ಗೋಡೆ ತುಂಬ ನಮ್ಮವರೇ ಇದ್ದರೆ ಚೆಂದವಲ್ಲ. ಡ್ರಿಲ್ ಮಷೀನ್ ಕೊಳ್ಳಬೇಡಿ, ಮುಂದಿನ ತಿಂಗಳು ಬರುವಾಗ ಅಪ್ಪ ತರುತ್ತಾರೆ.

ನಿನ್ನ
ಅಮ್ಮ